ಕಂಬಕ್ಕೆ ಹೇಳಿದ ಮಾತು

ಮಾರ್ಚ್ ೩, ಸೋಮವಾರ

ಬೆಳಗ್ಗೆ ಎದ್ದಾಗ ಕಿಟಕಿಯಲ್ಲಿ ಬೆಟ್ಟವಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಮಂಜು ಅದನ್ನು ಸ್ವಲ್ಪ ಸ್ವಲ್ಪವಾಗಿ ವಾಪಸು ಕೊಟ್ಟಿತು. ಮೊದಲು ಸಿಲ್ವರ್ ಓಕ್ ಮರಗಳ ತುದಿ, ಆಮೇಲೆ ತೋಟ, ಕೊನೆಗೆ ಗೇಟು, ಗೇಟಿನ ಬಳಿ ಮಫ್ತಿಯಲ್ಲಿ ನಿಂತ ಇಬ್ಬರು ಪೊಲೀಸರು.

ಬೆಳಗೋಡಿನಿಂದ ಒಳಗೆ, ಮಾಲೀಕರು ವರ್ಷಕ್ಕೊಮ್ಮೆ ಬಂದುಹೋಗುವ ಎಸ್ಟೇಟ್ ಬಂಗಲೆ ಇದು. ಎರಡು ದೇಶಗಳ ಜಗಳಕ್ಕೆ ಈ ಜಾಗವನ್ನು ಆರಿಸಿದವರಿಗೆ ನಾನು ಇಲ್ಲಿಂದ ಇಪ್ಪತ್ತು ಮೈಲಿಯೊಳಗೆ, ಕುಂದೂರಿನಲ್ಲಿ ಹುಟ್ಟಿದವನೆಂದು ಗೊತ್ತಿರಲಿಕ್ಕಿಲ್ಲ. ನಾನೂ ಹೇಳಲಿಲ್ಲ. ಮಧ್ಯಸ್ಥನಿಗೆ ಊರಿರಬಾರದು.

ಆ ದೇಶಗಳ ಹೆಸರನ್ನು ಇಲ್ಲೂ ಬರೆಯುವುದಿಲ್ಲ. ಮೇಲಿನ ದೇಶ, ಕೆಳಗಿನ ದೇಶ ಎಂದರೆ ಸಾಕು. ನಡುವೆ ಒಂದು ಹುಲ್ಲಿನ ಕಣಿವೆ. ಅದು ತನ್ನದೆಂದು ಎರಡೂ ಹೇಳುತ್ತವೆ. ಮೊದಲೆಲ್ಲ ಬೇಸಿಗೆಯಲ್ಲಿ ಎರಡೂ ಕಡೆಯ ಕುರುಬರು ಮಂದೆ ಹೊಡೆದುಕೊಂಡು ಅಲ್ಲಿಗೆ ಹತ್ತುತ್ತಿದ್ದರಂತೆ. ಮೇಲಿನ ದೇಶದವರು ಕಣಿವೆಯ ಬಾಯಲ್ಲಿ ಠಾಣೆ ಕಟ್ಟಿದ ಮೇಲೆ ಎರಡು ಬೇಸಿಗೆಯಿಂದ ಯಾರೂ ಹತ್ತಿಲ್ಲ. ಏಪ್ರಿಲ್ ಕೊನೆಗೆ ಅಲ್ಲಿ ಹಿಮ ಕರಗುತ್ತದೆ. ಅಷ್ಟರೊಳಗೆ ಮಾತು ಮುಗಿದರೆ ಮಂದೆಗಳು ಹತ್ತುತ್ತವೆ. ಇಲ್ಲದಿದ್ದರೆ ಸೈನಿಕರು ಹತ್ತುತ್ತಾರೆ.

ಪರಸ್ಪರ ನೇರವಾಗಿ ಮಾತಾಡುವುದಿಲ್ಲ ಎಂದು ಎರಡೂ ದೇಶಗಳು ಘೋಷಿಸಿಕೊಂಡಿವೆ. ಹಾಗಾಗಿ ನಾನು.

ಮಾರ್ಚ್ ೪

ಮೇಲಿನ ದೇಶದಿಂದ ಬಂದವರು ಮುದುಕರು, ಒಂದು ಕಾಲದ ಸೈನಿಕ, ಕೋಲೂರಿ ನಡೆಯುತ್ತಾರೆ. ಕೆಳಗಿನ ದೇಶದಿಂದ ಬಂದವರು ನನ್ನ ವಯಸ್ಸಿನ ಹೆಂಗಸು. ಮಾತು ಮುಗಿದಾಗಲೆಲ್ಲ ಕನ್ನಡಕ ತೆಗೆದು ಸೆರಗಿನಂಥ ಶಾಲಿನ ತುದಿಯಲ್ಲಿ ಒರೆಸುತ್ತಾರೆ. ಕೋಲಿನವರು, ಕನ್ನಡಕದವರು ಎಂದು ಕರೆದುಕೊಳ್ಳುತ್ತೇನೆ. ಇಬ್ಬರ ಭಾಷೆಯೂ ಹೆಚ್ಚುಕಡಿಮೆ ಒಂದೇ. ಅದೊಂದು ನನಗೆ ಬರುತ್ತದೆ ಎಂಬುದೇ ನನ್ನ ಅರ್ಹತೆ.

ಕೋಲಿನವರು ಬಂಗಲೆಯಲ್ಲಿ, ಕನ್ನಡಕದವರು ಕಣದಾಚೆಯ ಗೆಸ್ಟ್‌ಹೌಸಿನಲ್ಲಿ. ಕಣದ ತುಂಬ ಕಾಫಿ ಒಣಗುತ್ತಿದೆ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಲು ನಾನು ಅದರ ಅಂಚಿನಲ್ಲಿ ನಡೆಯಬೇಕು.

ಕೋಲಿನವರು ಅಂದರು: "ಆ ಹೆಂಗಸಿಗೆ ಹೇಳಿ. ಠಾಣೆ ಕಟ್ಟಿದ್ದು ಎದ್ದು ಬರುವುದಕ್ಕಲ್ಲ."

ಕಣ ದಾಟುವಷ್ಟರಲ್ಲಿ ಮಾತು ಸ್ವಲ್ಪ ಒಣಗಿತು. ನಾನು ಮುಟ್ಟಿಸಿದ್ದು: "ಠಾಣೆಯ ವಿಷಯ ಅವರಿಗೆ ಸೂಕ್ಷ್ಮವಾದದ್ದು." ಅರ್ಥ ಅದೇ, ಬಿರುಸು ಮಾತ್ರ ಹೋಯಿತು. ಎಲ್ಲ ಮಧ್ಯಸ್ಥರೂ ಇಷ್ಟು ಮಾಡುತ್ತಾರೆ.

ಮಾರ್ಚ್ ೬, ಗುರುವಾರ

ಬಂಗಲೆಯ ಜಗಲಿಯಲ್ಲಿ ಬೀಟೆ ಮರದ ಕಂಬಗಳಿವೆ. ಎಡಗಡೆಯದು ಭುಜದೆತ್ತರದಲ್ಲಿ ನಯವಾಗಿ ಸವೆದಿದೆ. ಬೆಳಗ್ಗೆ ಕಾಫಿ ತಂದ ಅಡುಗೆಯ ಇಂದ್ರಮ್ಮ ನನ್ನ ಮುಂದೆ ಲೋಟ ಇಟ್ಟು, ಆ ಕಂಬದ ಮುಂದೆ ನಿಂತು ಹೇಳಿದರು:

"ಕಂಬಣ್ಣ, ಗ್ಯಾಸ್ ಮುಗ್ದೋಗೈತೆ. ಸಿಲಿಂಡರ್ ತರ್ಸೋರು ತರ್ಸಿದ್ರೆ ನಾಳೆ ರೊಟ್ಟಿ, ಇಲ್ದಿದ್ರೆ ಇಲ್ಲ ಅಂತ ಹೇಳಪ್ಪ."

ಮೆಟ್ಟಿಲ ಕೆಳಗೆ ನಿಂತಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ವೀರಯ್ಯ ಆಕಾಶ ನೋಡುತ್ತ ಅಂದ: "ಕಂಬಣ್ಣ, ಹಿತ್ಲಾಗೆ ಸೌದೆ ರಾಶಿ ಬಿದ್ದೈತೆ. ಒಲೆ ಹಚ್ಚಕ್ಕೆ ಕೈ ಸೇದೋಗೈತಾ ಕೇಳು."

ಸುತ್ತ ನೋಡಿದೆ. ಮೂರನೆಯವರು ಯಾರೂ ಇರಲಿಲ್ಲ.

ಅಡುಗೆಮನೆಗೆ ಹೋಗಿ ಕೇಳಿದೆ. ಅಕ್ಕ ತಮ್ಮ ಅವರು. ಇಂದ್ರಮ್ಮನ ಮಗಳು ನಯನಾಳ ಮದುವೆಯಲ್ಲಿ ಸೋದರಮಾವನಾಗಿ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದವನು ವೀರಯ್ಯ. ಬಾಳ್ಳುಪೇಟೆಗೆ ಹೂವಿಗೆ ಹೋದವನು ಹೈವೇಯ ಲಾರಿಗಳ ನಡುವೆ ಸಿಕ್ಕಿಬಿದ್ದ. ಮುಹೂರ್ತ ಮೀರುತ್ತದೆಂದು ಬೇರೆ ಯಾರೋ ಕರೆತಂದರು. ಅವನು ಬಂದು ನೋಡಿ, ಹೂವನ್ನು ಚಪ್ಪರದ ಕೆಳಗೆ ಇಟ್ಟು, ಊಟ ಮಾಡದೆ ಹೋದ.

"ತಡ್ವಾಗಿ ಬಂದೋನು ಅವ್ನು," ಅಂದರು ಇಂದ್ರಮ್ಮ. "ಮೊದ್ಲು ಮಾತಾಡ್ಬೇಕಾದೋನು ಅವ್ನೇ ತಾನೆ? ನೀವೇ ಹೇಳಿ ಸಾರ್."

ನಾನು ಹೇಳಲಿಲ್ಲ. ಅಭ್ಯಾಸ.

"ಅದಕ್ಕೆ ಕಂಬದ ಹತ್ತಿರ?"

"ಮತ್ತೆ ಮನುಷ್ಯರತ್ರ ಹೇಳಿದ್ರೆ ಸುಮ್ನಿರ್ತಾರಾ? ಒಂದಕ್ಕೆ ಎರಡು ಸೇರಿಸ್ತಾರೆ. ಕಂಬಣ್ಣಂದು ಆ ತಾಪತ್ರಯ ಇಲ್ಲ."

ಮಾರ್ಚ್ ೯, ಭಾನುವಾರ

ಕನ್ನಡಕದವರು ಕೇಳಿದರು, ಅಡುಗೆಯ ಹೆಂಗಸು ದಿನಾ ಕಂಬಕ್ಕೆ ಏನು ಪ್ರಾರ್ಥನೆ ಮಾಡುತ್ತಾರೆ ಎಂದು. ಹೇಳಿದೆ. ಬಂದ ಮೇಲೆ ಮೊದಲ ಸಲ ನಕ್ಕರು. ಕೋಲಿನವರಿಗೂ ಹೇಳಿದೆ. ಅವರು ನಗಲಿಲ್ಲ. ಕಂಬವನ್ನು ಕೋಲಿನಿಂದ ಒಮ್ಮೆ ತಟ್ಟಿ, ಒಳಗೆ ಗಟ್ಟಿಯಿದೆಯೇ ಎಂದು ನೋಡಿದರು.

ನಗು ಮುಗಿದ ಮೇಲೆ ಕನ್ನಡಕದವರು ತಾಯಿಯ ಬಗ್ಗೆ ಹೇಳಿದರು. ತಾಯಿಯದು ಕುರುಬರ ಮನೆ. ಮಂದೆ ಕಣಿವೆಗೆ ಹತ್ತುವ ದಿನ ಎರಡೂ ಕಡೆಯ ಕುರುಬರು ಮುಂದಾಳು ಮೇಕೆಯ ಹಳೆಯ ಗಂಟೆ ಬಿಚ್ಚಿ ಹೊಸದು ಕಟ್ಟುತ್ತಾರೆ. ಬಿಚ್ಚಿದ ಗಂಟೆಯನ್ನು ಮನೆಯ ಬಾಗಿಲಿಗೆ ತೂಗುಹಾಕುತ್ತಾರೆ. ಹತ್ತದೆ ಇದ್ದರೆ ಬಿಚ್ಚುವಂತಿಲ್ಲ. "ಎರಡು ವರ್ಷದಿಂದ ಅದೇ ಗಂಟೆ. ಅಮ್ಮ ಈ ಸಲವೂ ಹೊಸ ಗಂಟೆ ಮಾಡಿಸಿ ಇಟ್ಟುಕೊಂಡಿದ್ದಾಳೆ," ಅಂದರು. ಇದನ್ನು ಆಚೆ ಮುಟ್ಟಿಸಬೇಡಿ ಎಂದೂ ಅಂದರು. ಮುಟ್ಟಿಸಲಿಲ್ಲ.

ಮಧ್ಯಾಹ್ನ ಇಂದ್ರಮ್ಮನಿಗೆ ನನ್ನನ್ನೂ ಕಂಬ ಮಾಡಿಕೊಳ್ಳುವ ಮನಸ್ಸಾಯಿತು. "ಸಾರ್, ಅವ್ನಿಗೆ ಹೇಳ್ಬುಡಿ. ಉಣ್ಣೋದಾದ್ರೆ ಬಂದು ಉಣ್ಲಿ, ಇಲ್ಲಾಂದ್ರೆ ನಾಯಿಗೆ ಹಾಕ್ತೀನಿ."

ಸ್ಟೋರಿನ ಹತ್ತಿರ ಹೋಗಿ ವೀರಯ್ಯನಿಗೆ ಹೇಳಿದೆ: "ಊಟಕ್ಕೆ ಕರೀತಿದಾರೆ, ಬರಬೇಕಂತೆ."

ಅವನು ನನ್ನ ಮುಖ ನೋಡಿದ. "ನಮ್ಮಕ್ಕ ಹಂಗನ್ನಲ್ಲ ಬುಡಿ ಸಾರ್." ಬರಲಿಲ್ಲ.

ಸಂಜೆ ಗೇಟಿನ ಹತ್ತಿರ, ನನ್ನ ಮೊಬೈಲಿಗೆ ಸಿಗ್ನಲ್ ಸಿಗುವ ಒಂದೇ ಕಲ್ಲಿನ ಮೇಲೆ ನಿಂತು ಮೈಸೂರಿಗೆ ಫೋನ್ ಮಾಡಿದೆ. ಇದು ಮುಗಿದ ಮೇಲೆ ಇನ್ನೊಂದು ದೇಶ, ಇನ್ನೊಂದು ಜಗಳವೋ ಅಥವಾ ಮನೆಗೆ ಬರುತ್ತೀರೋ ಎಂದು ಹೆಂಡತಿ ಶಿವಲೀಲಾ ಕೇಳಿದಳು. ನಿನಗೆ ಹೇಗನ್ನಿಸುತ್ತದೆ ಎಂದೆ. 

"ನೋಡಿ, ನಿಮ್ಮ ಮನಸ್ಸಲ್ಲಿ ಏನಿದೆ ಅಂತ ಕೇಳಿದ್ರೆ ನನ್ನ ಮಾತನ್ನೇ ಇಸ್ತ್ರಿ ಮಾಡಿ ವಾಪಸು ಕೊಡ್ತೀರಿ," ಅಂದಳು. ಮದುವೆಯಾದಾಗಿನಿಂದ ಅವಳು ಇಷ್ಟು ಚೆನ್ನಾಗಿ ನನ್ನ ಕೆಲಸವನ್ನು ವರ್ಣಿಸಿರಲಿಲ್ಲ.

ಮಾರ್ಚ್ ೧೧

ಒಳ್ಳೆಯ ದಿನ. ಕೋಲಿನವರ ಕೋಣೆಯಲ್ಲಿ ಬಹಳ ಹೊತ್ತು ಕೂತಿದ್ದೆ. ಕಣಿವೆಯಲ್ಲಿ ಚಳಿಗಾಲ ಕಳೆದದ್ದು, ಕಾಲ್ಬೆರಳು ಹೋದದ್ದು, ಎಲ್ಲ ಹೇಳಿದರು. ಠಾಣೆಯನ್ನು ಕೆಳಗೆ ತರುವ ಸಾಧ್ಯತೆಯ ಬಗ್ಗೆ ಕೇಳಿದಾಗ ಅವರು ಉತ್ತರ ಕೊಡಲಿಲ್ಲ. ಕಿಟಕಿಯ ಹೊರಗೆ ನೋಡಿದರು, ಉದ್ದವಾಗಿ ಉಸಿರು ಬಿಟ್ಟರು. ಹೊರಗೆ ಇಬ್ಬರು ಹೆಂಗಸರು ಕಣದಲ್ಲಿ ಕಾಫಿ ಎಳೆದು ತಿರುವಿಹಾಕುತ್ತಿದ್ದರು. ಕಪ್ಪು ಬಣ್ಣದ ಅಲೆ ಎದ್ದು ಮಲಗುವಂತಿತ್ತು.

ನಾನು ಕಣ ದಾಟಿ ಹೇಳಿದೆ: "ಮಂದೆಗಳು ಹತ್ತುವುದಾದರೆ ಠಾಣೆ ಕೆಳಗಿಳಿಸಲು ಅವರ ಅಡ್ಡಿಯಿಲ್ಲ."

ಕನ್ನಡಕದವರು ಕನ್ನಡಕ ತೆಗೆದರು, ಆದರೆ ಒರೆಸಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಏನೂ ಹೇಳಲಿಲ್ಲ. ಅವರ ಮೌನವನ್ನು ಎತ್ತಿಕೊಂಡು ವಾಪಸು ಬಂದು ಕೋಲಿನವರಿಗೆ ಕೊಟ್ಟೆ: "ಈ ವರ್ಷ ಅವರು ಗಡಿರೇಖೆಯ ಮಾತೆತ್ತುವುದಿಲ್ಲ."

ಇಬ್ಬರೂ ರಾತ್ರಿ ಹೊಟ್ಟೆತುಂಬ ಊಟ ಮಾಡಿದರೆಂದು ಇಂದ್ರಮ್ಮ ಹೇಳಿದರು.

ಮಾರ್ಚ್ ೧೪, ಶುಕ್ರವಾರ

ಇಬ್ಬರೂ ತಮ್ಮ ರಾಜಧಾನಿಗೆ ಬರೆದಿದ್ದಾರಂತೆ. ಒಪ್ಪಂದ ಹತ್ತಿರದಲ್ಲಿದೆ ಎಂದು. ನನಗೂ ಹಾಗೇ ಕಾಣುತ್ತದೆ. ರಾತ್ರಿ ಕನಸಿನಲ್ಲಿ ಕಣದ ಕಾಫಿಯ ಮೇಲೆ ನಡೆಯುತ್ತಿದ್ದೆ. ಕಾಳುಗಳು ಮೆತ್ತಗಿದ್ದವು. ಕಾಲಿನ ಗುರುತು ಮೂಡುತ್ತಿರಲಿಲ್ಲ.

ಊರಿನಲ್ಲಿ ಇವರು ಕಾಫಿ ಖರೀದಿಗೆ ಬಂದವರೆಂದು ಹೇಳಿದ್ದೇವೆ. ವೀರಯ್ಯ ಎರಡು ಸಲ ಸ್ಯಾಂಪಲ್ ಹಿಡಿದುಕೊಂಡು ಬಂದ. ಕೋಲಿನವರು ಗಂಭೀರವಾಗಿ ಮೂಸಿ ತಲೆಯಾಡಿಸಿದರು. "ಎಂಥಾ ವ್ಯಾಪಾರಸ್ಥರು ಮಾರಾಯ್ರೇ," ಅಂದ ಅವನು ನನಗೆ, "ಇಷ್ಟು ದಿನ ಆಯ್ತು, ಒಬ್ರಾದ್ರೂ ರೇಟ್ ಕೇಳ್ಬೇಡ್ವಾ?"

ಮಾರ್ಚ್ ೧೫

ಸಂಜೆ ಮಳೆ. ಎರಡು ಗಂಟೆ ಸುರಿಯಿತು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಎಂದು ವೀರಯ್ಯ ಕುಣಿದಾಡಿದ. ಒಣಗುತ್ತಿದ್ದ ಕಾಫಿಯ ಮೇಲೆ ಟಾರ್ಪಾಲು ಎಳೆಯಲು ಎಲ್ಲರೂ ಓಡಿದರು. ನಾನೂ ಒಂದು ಮೂಲೆ ಹಿಡಿದೆ. ಗಂಟಲು ಕಟ್ಟಿದೆ.

ಮಾರ್ಚ್ ೧೬, ಭಾನುವಾರ

ಬರೆಯುವುದು ಸ್ವಲ್ಪ ಕಷ್ಟ.

ಬೆಳಗ್ಗೆ ಗಂಟಲಿಗೆ ಔಷಧಿ ತರಲು, ದೆಹಲಿಗೆ ಫೋನ್ ಮಾಡಲು ವೀರಯ್ಯನ ಜೀಪಿನಲ್ಲಿ ಬಾಳ್ಳುಪೇಟೆಗೆ ಹೋದೆ. ವಾಪಸು ಬರುವಾಗ ಅರಣ್ಯ ಇಲಾಖೆಯವರು ದಾರಿಯಲ್ಲಿ ತಡೆದರು. ಆನೆಗಳ ಗುಂಪು, ಮರಿ ಬೇರೆ ಇದೆ, ನಮ್ಮ ಎಸ್ಟೇಟಿನೊಳಗೇ ಇವೆ ಎಂದರು. ಬೇಲಿ, ಆನೆ ತಡೆಯಲು ತೋಡಿದ ಅಗಳು, ಸರ್ವೆ ಕಲ್ಲು ಯಾವುದನ್ನೂ ಲೆಕ್ಕಿಸದೆ ಅವು ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವುದನ್ನು ಕಾಯುತ್ತ ಜೀಪಿನಲ್ಲಿ ಕೂತೆವು. ವೀರಯ್ಯ ಕಡ್ಲೆಕಾಯಿ ಸುಲಿದು ನನಗೂ ಕೊಟ್ಟ.

ಬಂಗಲೆ ಮುಟ್ಟಿದಾಗ ಮಧ್ಯಾಹ್ನ ಮೂರಾಗಿತ್ತು. ಹಿಂಬಾಗಿಲಿನಿಂದ ಒಳಗೆ ಹೋದೆ. ಇಂದ್ರಮ್ಮ ಜಗಲಿಯ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ನನ್ನನ್ನು ಕಂಡು ಬೆರಳು ತುಟಿಯ ಮೇಲಿಟ್ಟರು.

"ಕಾಫಿ ಕುಡಿಯಕ್ಕೆ ಅಮ್ಮ ಈ ಕಡೆ ಬಂದಿದ್ರಾ, ಆನೆ ಕಣದತ್ರಾನೇ ಬಂದ್ಬುಡ್ತು. ವಾಪಸ್ ಹೋಗಕ್ಕಾಗ್ಲಿಲ್ಲ. ಇಬ್ರೂ ಇಲ್ಲೇ ಸಿಗಾಕ್ಕೊಂಡ್ರು. ಸುಮ್ನೇ ಕೂತಿದ್ರು, ಸುಮ್ನೇ ಕೂತಿದ್ರು... ಆಮೇಲೆ ಅಮ್ಮ ಎದ್ದು ಬಂದು ಕಂಬಣ್ಣನತ್ರ ಏನೋ ಹೇಳಿದ್ರು. ಅಜ್ಜನೂ ಹೇಳ್ತು. ಆಗ್ಲಿಂದ ನಿಲ್ಸಿಲ್ಲ. ಆನೆ ಹೋದ್ವು, ಇವ್ರು ನಿಲ್ಸಿಲ್ಲ."

"ಏನಂತೆ?"

"ನಂಗೇನು ಭಾಷೆ ಬತ್ತದಾ? ಜಗಳಾನೇ ಇರ್ಬೇಕು. ಬಾಳ ಚೆನ್ನಾಗಿ ಆಡ್ತಾವ್ರೆ."

ಕನ್ನಡಕದವರು ಕಂಬದ ಈಚೆ ನಿಂತಿದ್ದರು, ಕೋಲಿನವರು ಆಚೆ ಕುರ್ಚಿಯಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಮರದ ಆ ಸವೆದ ಜಾಗವನ್ನು ನೋಡುತ್ತಿದ್ದರು. ನೇರವಾಗಿ ಮಾತಾಡಬಾರದು ಎಂಬ ಆಜ್ಞೆಯನ್ನು ಯಾರೂ ಮೀರಿರಲಿಲ್ಲ.

"ಕಂಬವೇ," ಅಂದರು ಕನ್ನಡಕದವರು, "ಠಾಣೆ ಇಳಿಸುತ್ತೇನೆ ಅಂದವರು ಇವತ್ತು ಯಾಕೆ ಇಲ್ಲ ಅನ್ನುತ್ತಾರೆ ಕೇಳು."

"ಕಂಬವೇ, ನಾನು ಹಾಗೆ ಯಾವತ್ತೂ ಅಂದಿಲ್ಲ. ಈ ವರ್ಷ ಗಡಿರೇಖೆ ಕೇಳುವುದಿಲ್ಲ ಅಂದವರು ಅವರು."

"ನಾನು ಅಂದಿಲ್ಲ."

ಎಲ್ಲಿಯೋ ದೂರದಲ್ಲಿ ಪಟಾಕಿ ಹೊಡೆದು ಆನೆ ಓಡಿಸುತ್ತಿದ್ದರು. ಆ ಸದ್ದು ನಿಂತಿತು. ಆಮೇಲೆ, ಒಂದೇ ಕ್ಷಣದಲ್ಲಿ, ಇಬ್ಬರೂ ತಲೆ ತಿರುಗಿಸಿ ನಾನು ನಿಂತಿದ್ದ ಬಾಗಿಲ ಕಡೆ ನೋಡಿದರು. ಎರಡು ದೇಶಗಳು ಒಂದೇ ದಿಕ್ಕಿಗೆ ನೋಡುವುದನ್ನು ನಾನು ಮೊದಲ ಸಲ ಕಂಡೆ.

ಕೋಲಿನವರು ಮತ್ತೆ ಕಂಬದ ಕಡೆ ತಿರುಗಿದರು. "ಕಂಬವೇ, ಬಾಗಿಲ ಹಿಂದೆ ಇರುವವರಿಗೆ ಹೇಳು. ಅವರು ಒಳಗೇ ಇರಲಿ."

ಮಾರ್ಚ್ ೧೭

ಇಡೀ ದಿನ ಕೋಣೆಯಲ್ಲಿ. ಒಪ್ಪಂದ ಹತ್ತಿರವಿದೆ ಎಂದು ನಂಬಿ ಎರಡು ರಾಜಧಾನಿಗಳು ಕೂತಿವೆ. ಇವರು ಇವತ್ತೇ ಎದ್ದು ಹೊರಟರೆ ಕಣಿವೆಗೆ ಯಾರು ಹತ್ತುತ್ತಾರೆಂದು ಗೊತ್ತು. ಎಲ್ಲೋ ಒಬ್ಬ ಮುದುಕಿ ಹೊಸ ಗಂಟೆಯನ್ನು ಪೆಟ್ಟಿಗೆಯಿಂದ ತೆಗೆದು, ಒರೆಸಿ, ಮತ್ತೆ ಇಡುತ್ತಾಳೆ.

ಜೀಪಿನ ಸದ್ದಾದಾಗಲೆಲ್ಲ ಕಿಟಕಿಗೆ ಹೋಗಿ ನೋಡಿದೆ. ಹಾಲು, ಗ್ಯಾಸು, ಇನ್ನೊಂದು ಸಲ ಹಾಲು.

ಮಾರ್ಚ್ ೧೮, ಮಂಗಳವಾರ

ಹೋಗಿಲ್ಲ. ಬೆಳಗಿನಿಂದ ಸಂಜೆಯವರೆಗೆ ಜಗಲಿಯಲ್ಲಿ ಸದ್ದು. ಒಂದೇ ಶಬ್ದದ ಮೇಲೆ ಜಗಳ, ಅದು ಮಾತ್ರ ಗೋಡೆ ದಾಟಿ ಬಂತು. ನನ್ನ ಬಗ್ಗೆ, ಮಾತು ತಿರುಚಿದ ಎಂದು ಬರೆಯಬೇಕೆಂದು ಕನ್ನಡಕದವರು. "ತಿರುಚಲಿಲ್ಲ. ತೊಳೆದ. ತೊಳೆದು ತೊಳೆದು ಬಣ್ಣ ಬಿಟ್ಟುಹೋಯಿತು," ಎಂದು ಕೋಲಿನವರು.

ಸಂಜೆ ಇಂದ್ರಮ್ಮ ಕಾಫಿಯ ತಟ್ಟೆಯಲ್ಲಿ ಒಂದು ಹಾಳೆ ತಂದರು. ಎರಡು ಕೈಬರಹ, ಒಂದೇ ವಾಕ್ಯ. ಮಧ್ಯಸ್ಥರು ನಮ್ಮದಲ್ಲದ ಮಾತುಗಳನ್ನು ನಮ್ಮದೆಂದು ಮುಟ್ಟಿಸಿದ್ದರಿಂದ ಅವರು ಇನ್ನು ಜಗಲಿಗೆ ಬರಕೂಡದೆಂದು ಉಭಯ ಕಡೆಯವರೂ ಒಪ್ಪಿದ್ದೇವೆ. ಕೆಳಗೆ ಎರಡು ಸಹಿ.

"ಏನೋ ಬರ್ಕೊಟ್ಟವ್ರೆ. ಬಯ್ದವ್ರಾ?"

"ಹೌದು."

"ಇಬ್ರೂ ಸೇರ್ಕೊಂಡಾ?"

"ಹೌದು."

"ಮತ್ತೆ ಒಳ್ಳೇದಾಯ್ತಲ್ಲ!" ಅಂದರು ಇಂದ್ರಮ್ಮ, ಖಾಲಿ ತಟ್ಟೆ ಎತ್ತಿಕೊಂಡು.

ಮಾರ್ಚ್ ೨೦

ದೆಹಲಿಯವರು ನನ್ನನ್ನು ವಾಪಸು ಕರೆಸಲಿಲ್ಲ. ಹೊರಗೆ ಸುದ್ದಿಯಾಗದಿರಲು ಅಲ್ಲೇ ಇರಿ ಎಂದರು. ಇದ್ದೇನೆ. ಇರುವುದೊಂದೇ ಕೆಲಸ.

ಕೋಣೆಯಲ್ಲಿ ಕೂತು ಬೇಸರವಾಗಿ ಅಡುಗೆಮನೆಗೆ ಹೋದೆ. ಇಂದ್ರಮ್ಮ ತುರಿಯುವ ಮಣೆ, ಅರ್ಧ ಹೋಳು ತೆಂಗಿನಕಾಯಿ ಮುಂದಿಟ್ಟರು. ತುರಿದೆ.

"ನೀವು ಯಾವ ಕಡೆಯೋರು ಸಾರ್?"

"ಕುಂದೂರು."

"ಕುಂದೂರೋರಾ! ಅಯ್ಯೋ ನಿಮ್ಮ ಮನೆ ಕಾಯ, ಮೊದ್ಲೇ ಹೇಳ್ಬಾರ್ದಾ? ನಯನಾನ ಕೊಟ್ಟಿರೋದು ಅಲ್ಲೇ ಪಕ್ಕಕ್ಕೆ. ಇಷ್ಟು ದಿನ ಸಾರ್ ಸಾರ್ ಅಂತ ಬಾಯಿ ನೋಯಿಸ್ಕೊಂಡ್ನಲ್ಲ. ಹೆಸ್ರೇನು?"

"ಯೋಗಾನಂದ."

"ಯೋಗಣ್ಣ, ಕಪ್ಪು ಸಿಪ್ಪೆ ಬರೋ ತಂಕ ತುರೀಬೇಡ. ಚಟ್ನಿ ಬಣ್ಣ ಕೆಡ್ತದೆ."

ಇಡೀ ಹೊತ್ತು ಜಗಲಿಯಿಂದ ಮಾತು ಬರುತ್ತಲೇ ಇತ್ತು. ಜೋರಾಗಿ, ಕೆಲವೊಮ್ಮೆ ತೀರ ಕೆಟ್ಟದಾಗಿ. ಆಗಾಗ ಕೋಲು ನೆಲಕ್ಕೆ ಬಡಿಯುತ್ತಿತ್ತು. ನಾನಾಗಿದ್ದರೆ ಆ ಮಾತುಗಳಲ್ಲಿ ಅರ್ಧವನ್ನು ಕಣದಲ್ಲೇ ಬಿಟ್ಟುಬರುತ್ತಿದ್ದೆ.

ಬಹಳ ಹಸಿವಾಗಿತ್ತು. ನಾಲ್ಕು ರೊಟ್ಟಿ ತಿಂದೆ.

ಮಾರ್ಚ್ ೨೪, ಸೋಮವಾರ

ಬೆಳಗ್ಗೆ ಕಿಟಕಿ ತೆಗೆದಾಗ ಮಂಜು ಇನ್ನೂ ಹೋಗಿಲ್ಲ ಎಂದುಕೊಂಡೆ. ಮಂಜಲ್ಲ, ಹೂವು. ರಾತ್ರಿ ಬೆಳಗಾಗುವುದರೊಳಗೆ ಇಡೀ ಇಳಿಜಾರು ಬೆಳ್ಳಗಾಗಿದೆ. ಕಾಫಿ ಗಿಡದ ಒಂದೊಂದು ರೆಂಬೆಯ ಮೇಲೂ ಗೆಣ್ಣುಗೆಣ್ಣಿಗೆ ಬಿಳಿಯ ಗೊಂಚಲು. ವಾಸನೆ ಬಾಗಿಲು ಹಾಕಿದರೂ ಬರುತ್ತದೆ, ಬಟ್ಟೆಗೆ, ಅನ್ನಕ್ಕೆ, ಈ ಹಾಳೆಗೆ. ತಲೆ ಸ್ವಲ್ಪ ತೇಲುತ್ತಿದೆ. ಜೇನುನೊಣಗಳ ಸದ್ದು ಒಂದೇ ಸಮ, ಯಾರೋ ದೂರದ ಕೋಣೆಯಲ್ಲಿ ಓದುತ್ತಿರುವ ಹಾಗೆ.

ತೋಟದೊಳಗೆ ಸ್ವಲ್ಪ ನಡೆದು ಬರೋಣವೆಂದು ಇಳಿದೆ. ವೀರಯ್ಯ ಅಡ್ಡ ಬಂದ. "ಹೂ ಬಿಟ್ಟಾಗ ಒಳಗೆ ಹೋಗಂಗಿಲ್ಲ ಕಣ್ರೀ. ಆಳುಗಳಿಗೂ ಕೆಲ್ಸ ಇಲ್ಲ."

"ಮಾಲೀಕರು ಬಂದರೆ?"

"ಬಂದ್ರೆ ಏನು, ಜೇನಿಗೆ ಗೊತ್ತಾಯ್ತದಾ ಇವ್ರು ಮಾಲೀಕ್ರು ಅಂತ?"

ವಾಪಸು ಬರುವಾಗ ಜಗಲಿಯನ್ನು ದೂರದಿಂದ ನೋಡಿದೆ. ಇಬ್ಬರೂ ಕಂಬದ ಆಚೀಚೆ ಕೂತಿದ್ದರು. ಯಾರೂ ಕಾಲಿಡದ ಆ ಬಿಳಿಯನ್ನು ನೋಡುತ್ತ ಕೂತಿದ್ದವರ ಬೆನ್ನುಗಳು ಎಷ್ಟೋ ಹೊತ್ತು ಅಲುಗಲಿಲ್ಲ.

ಮಧ್ಯಾಹ್ನ ಇಂದ್ರಕ್ಕ ಸೌಟು ಹಿಡಿದುಕೊಂಡೇ ಅಂದರು: "ಯೋಗಣ್ಣ, ಅವ್ನಿಗೆ ಹೇಳ್ಬುಡು. ಉಣ್ಣೋದಾದ್ರೆ ಬರ್ಲಿ, ಇಲ್ಲಾಂದ್ರೆ ಕತ್ತೆ ಥರ ಬಿಸ್ಲಲ್ಲೇ ಬಿದ್ದಿರ್ಲಿ."

ಸ್ಟೋರಿನ ಹತ್ತಿರ ಹೋದೆ. "ಉಣ್ಣೋದಾದ್ರೆ ಬರ್ಬೇಕಂತೆ, ಇಲ್ಲಾಂದ್ರೆ ಕತ್ತೆ ಥರ ಬಿಸ್ಲಲ್ಲೇ ಬಿದ್ದಿರ್ಬೇಕಂತೆ."

ವೀರಯ್ಯ ಕೈಯಲ್ಲಿದ್ದ ಚೀಲ ಕೆಳಗಿಟ್ಟ. "ಹಂಗೇ ಅಂದ್ಲಾ?"

"ಹಂಗೇ."

ಬಂದು ಉಂಡ. ಗೋಡೆಯ ಕಡೆ ಮುಖ ಮಾಡಿಕೊಂಡು. ಆದರೆ ಎರಡನೆಯ ಸಲ ಮುದ್ದೆ ಹಾಕಿಸಿಕೊಂಡ.

ಮಾರ್ಚ್ ೨೬

ಬೆಳಗ್ಗೆ ಜಗಲಿಯಿಂದ ಕೋಲಿನವರ ಧ್ವನಿ: "ಕಂಬವೇ, ಒಳಗಿರುವವರಿಗೆ ಪ್ರಿಂಟರ್ ಇದೆಯಾ ಕೇಳು."

ಇದೆ ಎಂದು ಒಳಗಿನಿಂದಲೇ ಹೇಳಿದೆ, ಕಂಬಕ್ಕೆ.

ಇಂದ್ರಕ್ಕನ ಕೈಯಲ್ಲಿ ಎರಡು ಹಾಳೆ ಬಂದವು. ಟೈಪ್ ಮಾಡಿದೆ. ಮೊದಲ ಹಿಮ ಬೀಳುವವರೆಗೆ ನಕ್ಷೆಯ ಮೇಲೆ ಯಾರೂ ಗೆರೆ ಎಳೆಯುವುದಿಲ್ಲ. ಠಾಣೆ ಇದ್ದಲ್ಲೇ ಇರುತ್ತದೆ. ಆದರೆ ಬೇಸಿಗೆಯಲ್ಲಿ ಅದರೊಳಗೆ ಸೈನಿಕರಿರುವುದಿಲ್ಲ. ಎರಡೂ ಕಡೆಯ ಕುರುಬರು ಮರಿಗಳನ್ನು ರಾತ್ರಿ ಅಲ್ಲಿ ಕೂಡಿಹಾಕುತ್ತಾರೆ.

ಮೂರು ಸಲ ಓದಿದೆ. ನಾನು ಎಷ್ಟು ತೊಳೆದರೂ ಒಂದು ಠಾಣೆಯಿಂದ ಕುರಿಮರಿಗಳು ಹೊರಗೆ ಬರುತ್ತಿರಲಿಲ್ಲ.

ಒಂದು ಕಡೆ 'ಕೂಡಿಹಾಕುತ್ತಾರೆ' ಎಂಬುದಕ್ಕೆ 'ಆಶ್ರಯ ನೀಡಲಾಗುವುದು' ಎಂದು ಬೆರಳು ತಾನಾಗಿ ಟೈಪ್ ಮಾಡಿತ್ತು. ಅಳಿಸಿ ಅವರು ಬರೆದಂತೆಯೇ ಹಾಕಿದೆ. ಕೊನೆಯಲ್ಲಿ ಇಬ್ಬರ ಹೆಸರು. ಮಧ್ಯಸ್ಥನ ಹೆಸರಿಗೆ ಜಾಗ ಬಿಟ್ಟಿರಲಿಲ್ಲ. ಮಾತುಕತೆಯ ಸ್ಥಳ ಎಂಬಲ್ಲಿ 'ಒಂದು ಜಗಲಿ' ಎಂದಷ್ಟೇ ಇತ್ತು.

ಇದಕ್ಕೆ ರಾಜಧಾನಿಗಳು ಒಪ್ಪಬೇಕು. ಒಪ್ಪುತ್ತವೆಯೋ ಇಲ್ಲವೋ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಹಿಮ ಕರಗಿದಾಗ ಗೊತ್ತಾಗುತ್ತದೆ.

ಮಾರ್ಚ್ ೨೭, ಗುರುವಾರ

ಹೊರಟರು. ಎರಡು ಕಾರು, ಅರ್ಧ ಗಂಟೆಯ ಅಂತರ. ಹೂವುಗಳು ಕಂದಿ ಕಾಫಿಯ ಬಣ್ಣಕ್ಕೆ ತಿರುಗಿವೆ. ವಾಸನೆ ಇನ್ನೂ ಇದೆ.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಕೋಲಿನವರು ಮೊದಲು ಹೋದರು. ಕಂಬವನ್ನು ಕೋಲಿನಿಂದ ಎರಡು ಸಲ ಮೆಲ್ಲಗೆ ತಟ್ಟಿದರು. ಕನ್ನಡಕದವರು ಹೋಗುವಾಗ ಕಂಬದ ಸವೆದ ಜಾಗದ ಮೇಲೆ ಅಂಗೈಯಿಟ್ಟರು.

"ಹಳೆಯ ಗಂಟೆ ನಿನಗೆ," ಅಂದರು.

ಆಮೇಲೆ, ತಿರುಗದೆ, ಅದೇ ದನಿಯಲ್ಲಿ: "ಬಾಗಿಲಲ್ಲಿರುವವರಿಗೂ ಹೇಳು. ಗಂಟಲಿಗೆ ಬಿಸಿನೀರು ಕುಡಿಯಲಿ."

ಏಪ್ರಿಲ್ ೩೦, ಮೈಸೂರು

ಪತ್ರಿಕೆಯಲ್ಲಿ ಏನೂ ಇಲ್ಲ. ಅಲ್ಲಿ ಹಿಮ ಕರಗಿರಬೇಕು. ಶಿವಲೀಲಾ ಕೇಳಿದಳು, ಯಾಕೆ ದಿನಾ ಹೊರದೇಶದ ಪುಟವನ್ನೇ ಮೊದಲು ತೆಗೆಯುತ್ತೀರಿ ಎಂದು. "ಹೆದರಿಕೆಯಾಗುತ್ತೆ," ಅಂದೆ. ಅವಳು ಸ್ವಲ್ಪ ಹೊತ್ತು ನನ್ನನ್ನು ನೋಡಿ, ಪತ್ರಿಕೆಯ ಉಳಿದ ಹಾಳೆಗಳನ್ನು ಜೋಡಿಸಿಟ್ಟಳು.

ಮೇ ೧೯, ಸೋಮವಾರ

ವೀರಯ್ಯನ ಫೋನ್.

"ಯೋಗಣ್ಣ, ಕಂಬಣ್ಣಂಗೆ ಪಾರ್ಸೆಲ್ ಬಂದೈತೆ ಮಾರಾಯ. ಫಾರಿನ್ನಿಂದ. ಎಸ್ಟೇಟ್ ಹೆಸ್ರು, ಬೆಳಗೋಡು ಪೋಸ್ಟು, ಮೇಲೆ 'ಜಗಲಿಯ ಎಡಗಡೆ ಕಂಬ' ಅಂತ ಇಂಗ್ಲಿಷಲ್ಲಿ. ಪೋಸ್ಟ್‌ಮ್ಯಾನ್ ಕೇಳ್ತಾವ್ನೆ ಯಾರು ಸಹಿ ಹಾಕ್ತೀರಿ ಅಂತ. ಬಂಗ್ಲೆ ಜವಾಬ್ದಾರಿ ನಂದು ತಾನೆ..."

ಹಿಂದಿನಿಂದ ಇಂದ್ರಕ್ಕನ ದನಿ: "ಏಯ್, ನೀನ್ಯಾಕೋ ಹಾಕ್ತೀಯ? ದಿನಾ ಎಣ್ಣೆ ಬಟ್ಟೇಲಿ ಕಂಬ ಒರ್ಸೋಳು ನಾನು."

"ನೀನ್ ಸುಮ್ನಿರಕ್ಕ, ಫೋನಲ್ಲಿದೀನಿ ಕಾಣಲ್ವಾ?"

"ನಂಗೆ ಸುಮ್ನಿರು ಅಂತೀಯಾ? ತಡ್ವಾಗಿ ಬರೋನು ನೀನು, ಎಲ್ಲದಕ್ಕೂ ಮುಂದೆ ನಿಂತ್ಕೊಳ್ಳೋನೂ ನೀನೇ."

"ಲಾರಿ ಅಡ್ಡ ಬಂದ್ರೆ ನಾನೇನ್ ಮಾಡ್ಲಿ? ಅವತ್ತಿಂದ ಅದನ್ನೇ ಹೇಳ್ಬೇಕು ಅಂತಿದ್ದೆ!"

ಬಹಳ ಹೊತ್ತು ಜಗಳವಾಯಿತು. ನಾನು ಫೋನ್ ಇಡಲಿಲ್ಲ, ಮಧ್ಯೆ ಮಾತಾಡಲೂ ಇಲ್ಲ. ಕೊನೆಗೆ ಇಬ್ಬರೂ ಸಹಿ ಹಾಕಿದರಂತೆ.

ಒಳಗೆ ಒಂದು ಗಂಟೆ. ಸವೆದು ಕಪ್ಪಾಗಿದೆ. ಚೀಟಿ ಇಲ್ಲ.

ಅದು ಕನ್ನಡಕದವರದು. ಕೆಳಗಿನ ದೇಶದ ಮಂದೆ ಹತ್ತಿದೆ. ಇನ್ನೊಂದು ಕಡೆಯದು ಗೊತ್ತಿಲ್ಲ. ಒಂದೇ ಮಂದೆ ಹತ್ತಿದ ಕಣಿವೆ ಯಾರೂ ಹತ್ತದ ಕಣಿವೆಗಿಂತ ಅಪಾಯ.

ಜೂನ್ ೨, ಸೋಮವಾರ

ಮಳೆ ಹಿಡಿದಿದೆ. ಮಧ್ಯಾಹ್ನ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಾಗ ಫೋನ್ ಬಂತು. ಈ ಸಲ ಇಂದ್ರಕ್ಕ.

"ಯೋಗಣ್ಣ, ಇನ್ನೊಂದು ಬಂತು ಕಣಪ್ಪ. ಅದೇ ಥರ ಪಾರ್ಸೆಲ್ಲು, ಬೇರೆ ದೇಶದ ಸ್ಟಾಂಪು. ಇದು ದೊಡ್ಡ ಗಂಟೆ. ಎರಡನ್ನೂ ಕಂಬಣ್ಣಂಗೆ ಕಟ್ಟಿದೀವಿ. ತಡಿ, ಕೇಳ್ಸ್ತೀನಿ. ಲೋ ವೀರ, ನಿಂದು ಮೊದ್ಲು ಬಾರ್ಸು."

ಫೋನಿನಲ್ಲಿ ಮಳೆಯ ಸದ್ದು, ಹೆಂಚಿನಿಂದ ನೀರು ಬೀಳುವ ಸದ್ದು. ಆಮೇಲೆ ದಪ್ಪ ದನಿಯ ಒಂದು ಗಂಟೆ. ಅದು ಮುಗಿಯುವ ಮೊದಲೇ ಸಣ್ಣ ದನಿಯದು. ಎರಡೂ ಹೊಂದುತ್ತಿರಲಿಲ್ಲ.

"ಏನದು? ಯಾರು?" ಎಂದು ಶಿವಲೀಲಾ ಒಲೆಯ ಹತ್ತಿರದಿಂದ ಕೇಳಿದಳು.

ಹೇಳಲು ಬಾಯಿ ತೆರೆದೆ. ಆಮೇಲೆ ಕಾಯಿಯ ಕೈಯನ್ನು ಪಂಚೆಗೆ ಒರೆಸಿಕೊಂಡು, ಹೋಗಿ, ಫೋನನ್ನು ಅವಳ ಕಿವಿಗೆ ಹಿಡಿದೆ.